ಅಟ್ಟದಲ್ಲಿ ಚೆನ್ನಾಗಿದ್ದ ಹಾಡು ಸ್ಟುಡಿಯೋಗೆ ಹೋದ ಮೇಲೆ ಯಾಕೆ ಸತ್ತುಹೋಯ್ತು?

ಹೆಂಚಿನಮನೆ, ಸಾಗರ

ಪ್ರಶ್ನೆ ಸ್ವಲ್ಪ ಉದ್ದ ಇದೆ. ಬೈದುಕೊಳ್ಳಬೇಡಿ.

ನಾನು ಸಾಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಇರುವವನು. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಹಾಡು ಬರೆಯುತ್ತೇನೆ. ಭಾವಗೀತೆ ಅಲ್ಲ. ಗಿಟಾರ್ ಹಿಡಿದು ಗಂಟಲು ಬಿಟ್ಟು ಹಾಡುವ ರಾಕ್. ನಮ್ಮ ಕಡೆ ಯಾರಿಗಾದರೂ ಇದನ್ನು ಹೇಳಿದರೆ 'ಓ, ಆರ್ಕೆಸ್ಟ್ರಾನಾ?' ಅಂತ ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ. ವಿವರಿಸುತ್ತಾ ನಿಂತರೆ ತೂಕಕ್ಕೆ ಬಂದ ಚೀಲಗಳು ಹಾಗೇ ಬಿದ್ದಿರುತ್ತವೆ.

ಎಂಟು ಹಾಡು ರೆಡಿ ಇವೆ. ಎಂಟೂ ಒಂದೇ ಬಸ್ಸಿನ ಹಾಡುಗಳು. ನಮ್ಮೂರಿಗೆ ಸಂಜೆ ಬರುತ್ತಿದ್ದ ಕೊನೇ ಬಸ್ಸು, ಅದರಲ್ಲಿ ಹೋದವರು, ವಾಪಸ್ ಬರದವರು, ಕಂಡಕ್ಟರು, ಆಮೇಲೆ ಆ ಬಸ್ಸೇ ನಿಂತುಹೋದದ್ದು. ಬಿಡಿಬಿಡಿಯಾಗಿ ಯೂಟ್ಯೂಬಿಗೆ ಹಾಕುವ ಮನಸ್ಸಿಲ್ಲ. ಮೊದಲ ಹಾಡಿನಲ್ಲಿ ಬಸ್ಸು ಹತ್ತಿದವನು ಎಂಟನೇ ಹಾಡಿನಲ್ಲಿ ಇಳಿಯಬೇಕು. ಅದಕ್ಕೇ ಆಲ್ಬಂ.

ಕಳೆದ ಆಷಾಢದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಸುಮ್ನೆ ಕೂರಲಾಗದೆ ಅಟ್ಟ ಹತ್ತಿದೆ. ನಮ್ಮದು ಹಳೇ ಮನೆ. ಮೇಲೆ ಹೆಂಚು, ಕೆಳಗೆ ಮರದ ಹಲಗೆ, ಒಂದು ಬದಿಗೆ ಖಾಲಿ ಗೋಣಿಚೀಲದ ರಾಶಿ, ಇನ್ನೊಂದು ಬದಿಗೆ ಮದುವೆ ಮನೆಗೆ ಹಾಸುವ ಹಳೇ ಹತ್ತಿ ಹಾಸಿಗೆಗಳು. ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಎಂಟೂ ಹಾಡನ್ನು ಒಂದೇ ಮಧ್ಯಾಹ್ನ ಹಾಡಿದೆ. ಹೊರಗೆ ಮಳೆ ಸುರಿಯುತ್ತಿತ್ತು, ಅದೂ ಒಳಗೆ ಸೇರಿಕೊಂಡಿದೆ.

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋದೆ. ಯಾವುದು ಅಂತ ಕೇಳಬೇಡಿ, ಪಾಪ, ಅವರು ಒಳ್ಳೆಯವರೇ. ಎರಡು ದಿನಕ್ಕೆ 22 ಸಾವಿರ. ಮೊದಲು ಕಂಪ್ಯೂಟರಿನಲ್ಲಿ ಡ್ರಮ್ ಕೂರಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿ, ನಿಮಿಷಕ್ಕೆ 92ರ ವೇಗದಲ್ಲಿ ಟಿಕ್ ಟಿಕ್ ಕೊಟ್ಟು, ಅದರ ಮೇಲೆ ಹಾಡಿ ಅಂದರು. ಹಾಡಿದೆ. ಆಮೇಲೆ ಸ್ವರ ಎಲ್ಲಿ ಜಾರಿದೆಯೋ ಅಲ್ಲೆಲ್ಲಾ ಸರಿ ಮಾಡಿದರು. ನನಗೆ ಬೇಕೆಂದೇ ಜಾರಿಸಿದ ಜಾಗಗಳೂ ಸರಿಯಾಗಿಬಿಟ್ಟವು!

ಕೇಳಿದರೆ ಎಲ್ಲಾ ಕ್ಲೀನಾಗಿದೆ, ಎಲ್ಲಾ ಜೋರಾಗಿದೆ. ಆದರೆ ಹಾಡು ಇಲ್ಲ. ಮಂಡಿಯಲ್ಲಿ ನಮ್ಮ ಹಮಾಲಿ ಒಬ್ಬನಿಗೆ ಎರಡನ್ನೂ ಕೇಳಿಸಿದೆ. ಫೋನಿನದಕ್ಕೆ ತಲೆ ಆಡಿಸಿದ. ಸ್ಟುಡಿಯೋದಕ್ಕೆ 'ಇದು ಯಾರು ಹಾಡಿದ್ದು?' ಅಂದ.

ಈಗ ಅಡಿಕೆ ಕೊಯ್ಲು ನಡೀತಿದೆ. ಕೈಗೆ ದುಡ್ಡು ಬಂದ ಮೇಲೆ 40 ಸಾವಿರ ಇದಕ್ಕೆ ಅಂತ ಇಟ್ಟಿದ್ದೇನೆ. ಮತ್ತೆ ಬೇರೆ ಸ್ಟುಡಿಯೋ ಹುಡುಕಲಾ, ಅಥವಾ ಸಾಮಾನು ತಂದು ಅಟ್ಟದಲ್ಲೇ ಮಾಡಲಾ? ಡ್ರಮ್ ಅಂತೂ ನಿಜವಾದದ್ದೇ ಬೇಕು. ಅದನ್ನು ಅಟ್ಟಕ್ಕೆ ಹತ್ತಿಸಿದರೆ ಹಲಗೆ ಸಮೇತ ಅಡುಗೆಮನೆಗೆ ಇಳಿಯುತ್ತದೆ.

ಎರಡನೇ ಹಾಡಿನ ಎರಡೂ ರೆಕಾರ್ಡಿಂಗ್ ಕೆಳಗೆ ಹಾಕಿದ್ದೇನೆ. 'ಹಳ್ಳ ದಾಟಿ ಬಸ್ಸು ಬಂತು, ನೀನು ಇಳಿಯಲಿಲ್ಲ' ಅಂತ ಶುರುವಾಗುತ್ತದೆ. ಕೇಳಿ ಹೇಳಿ.


ಫೇಡರ್, ಬೆಂಗಳೂರು

ನಾನು ಹೊಸನಗರದವನು, ಹದಿನೈದು ವರ್ಷದಿಂದ ಇಲ್ಲಿ ಆಡಿಯೋ ಕೆಲಸ. ಎರಡೂ ಕೇಳಿದೆ. ಅಟ್ಟದ್ದೇ ಹಾಡು. ಅದರಲ್ಲಿ ಸಂಶಯ ಬೇಡ.

ನಿಮಗೆ ಆದದ್ದು ಹೊಸದಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಥೆ ಕೇಳಿದ್ದೀರಾ? 1982ರ ಹೊತ್ತಿಗೆ ಆತ ದೊಡ್ಡ ಹೆಸರು. ಮುಂದಿನ ಆಲ್ಬಂಗೆ ಹಾಡು ಬರೆದುಕೊಂಡು, ಬ್ಯಾಂಡಿನವರಿಗೆ ಕೇಳಿಸೋಣ ಅಂತ ನ್ಯೂಜೆರ್ಸಿಯ ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ ಕೂತು ಒಬ್ಬನೇ ಹಾಡಿದ. ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಅನ್ನುವ ಯಂತ್ರ. ನಮ್ಮ ಮನೆಗಳಲ್ಲಿ ಇತ್ತಲ್ಲ, ಅದೇ ಸಾದಾ ಕ್ಯಾಸೆಟ್, ಅದರ ಮೇಲೆ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ಸದ್ದನ್ನು ಬೇರೆಬೇರೆಯಾಗಿ ತುಂಬಿಸಬಹುದು. ಮೈಕು ಎರಡು, ಶೂರ್ ಎಸ್‌ಎಂ57. ಗಿಟಾರು, ಗಂಟಲು, ಮೌತ್ ಆರ್ಗನ್, ಉಳಿದ ಟ್ರ್ಯಾಕಿನಲ್ಲಿ ಇನ್ನೊಂದು ಚೂರು ಏನಾದರೂ. ಎಲ್ಲವನ್ನೂ ಸೇರಿಸಿ ಇಳಿಸಿದ್ದು ಪ್ಯಾನಾಸಾನಿಕ್ ಟೇಪ್ ರೆಕಾರ್ಡರಿಗೆ. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೇಬಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ.

ಆಮೇಲೆ ನ್ಯೂಯಾರ್ಕಿನ ದೊಡ್ಡ ಸ್ಟುಡಿಯೋದಲ್ಲಿ ಪೂರ್ತಿ ಬ್ಯಾಂಡ್ ಕೂರಿಸಿ ಅದೇ ಹಾಡುಗಳನ್ನು ಮಾಡಿದರು. ಬರಲಿಲ್ಲ. ಎಷ್ಟು ಮಾಡಿದರೂ ಜೇಬಿನ ಕ್ಯಾಸೆಟ್ಟೇ ಚೆನ್ನಾಗಿತ್ತು. ಕೊನೆಗೆ ಅದನ್ನೇ ಆಲ್ಬಂ ಮಾಡಿ 1982ರ ಸೆಪ್ಟೆಂಬರಿನಲ್ಲಿ ಬಿಟ್ಟರು. 'ನೆಬ್ರಾಸ್ಕಾ' ಅದರ ಹೆಸರು. ಕ್ಯಾಸೆಟ್ಟಿನಿಂದ ಎಲ್‌ಪಿ ರೆಕಾರ್ಡಿಗೆ ಇಳಿಸಲು ಇಂಜಿನಿಯರುಗಳು ಪಟ್ಟ ಪಾಡು ಬೇರೆ. ಹಾಗಾಗಿ ಬೇರೆ ಸ್ಟುಡಿಯೋಗೆ ಹೋಗಬೇಡಿ, ಅಟ್ಟ ಹತ್ತಿ.

ಸಾಮಾನು ಜಾಸ್ತಿ ಬೇಡ. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಒಂದು, ಫೋಕಸ್‌ರೈಟ್ ಸ್ಕಾರ್ಲೆಟ್ ತರಹದ್ದು. ಗಿಟಾರಿಗೆ ಎಸ್‌ಎಂ57, ಗಂಟಲಿಗೆ ಎಸ್‌ಎಂ58. ಕಿವಿ ಮುಚ್ಚುವ ಹೆಡ್‌ಫೋನ್ ಒಂದು, ಎರಡು ಸ್ಟ್ಯಾಂಡು. ಸಾಫ್ಟ್‌ವೇರಿಗೆ ರೀಪರ್ ಸಾಕು, 60 ದಿನ ಪುಕ್ಕಟೆ ಬಳಸಿ ನೋಡಬಹುದು. ಕಂಡೆನ್ಸರ್ ಮೈಕಿಗೆ ಆಸೆ ಪಡಬೇಡಿ. ಅದು ಮೂಲೆಯ ಜೀರುಂಡೆಯನ್ನೂ ಹೆಕ್ಕಿ ತರುತ್ತದೆ, ಥಂಡಿ ಹಿಡಿದರೆ ಚಟಪಟ ಅನ್ನುತ್ತದೆ.

ಗಿಟಾರಿನ ಮೈಕು ಕುತ್ತಿಗೆಯ ಮೇಲಿನ ಹನ್ನೆರಡನೇ ಫ್ರೆಟ್ಟಿನ (ಅಡ್ಡಪಟ್ಟಿಯ) ಎದುರು, ಒಂದು ಗೇಣು ದೂರ. ತಂತಿಗೆ ಕೈ ಹಾಕುವ ತೂತಿನ ಎದುರು ಇಟ್ಟರೆ ಬುಂ ಬುಂ ಅನ್ನುತ್ತದೆ. ಈ ಎರಡೂ ಮೈಕಿಗೆ ಬೆನ್ನು ಕಿವುಡು, ಹಿಂದಿನಿಂದ ಬರುವುದು ಕಡಿಮೆ ಕೇಳುತ್ತದೆ. ಯಾವ ಕಡೆಯಿಂದ ಗಲಾಟೆ ಬರುತ್ತದೋ ಆ ಕಡೆಗೆ ಮೈಕಿನ ಬೆನ್ನು ತಿರುಗಿಸಿ. ರೆಕಾರ್ಡಿಂಗ್ 24 ಬಿಟ್ಟಿಗೆ ಇಟ್ಟುಕೊಳ್ಳಿ. ಕೆಂಪು ದೀಪದ ತನಕ ಏರಿಸುವುದು ಟೇಪಿನ ಕಾಲದ ಚಟ. ಜೋರು ಜಾಗದಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಬಂದರೆ ಬೇಕಾದಷ್ಟಾಯಿತು.


ಮೈಕ್‌ಸೆಟ್ ಮಾವ, ತೀರ್ಥಹಳ್ಳಿ

ತಮ್ಮಾ, ನನಗೆ ರಾಕು ಗೀಕು ಗೊತ್ತಿಲ್ಲ. ನಲವತ್ತು ವರ್ಷ ಮೈಕ್‌ಸೆಟ್ ಅಂಗಡಿ ಇಟ್ಟಿದ್ದೆ. ಆಹುಜಾ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗದ ಮದುವೆ ಇಲ್ಲ, ಯಕ್ಷಗಾನದ ಆಟ ಇಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತಲ್ಲ, ನಮ್ಮ ಅಂಗಡಿಯದು ಕೇಳಿ ಕೇಳಿ ರೀಲು ಸವೆದು ಜೋಗದ ಸಾಲು ಬಂದಾಗೆಲ್ಲ ಮುಗ್ಗರಿಸುತ್ತಿತ್ತು. ಯಕ್ಷಗಾನ, ತಾಳಮದ್ದಲೆ ನಾನೇ ಟಿಡಿಕೆ 90 ಕ್ಯಾಸೆಟ್ಟಿನಲ್ಲಿ ತುಂಬಿಸಿ ಇಟ್ಟದ್ದು ಇನ್ನೂ ಒಂದು ಪೆಟ್ಟಿಗೆ ಉಂಟು. ರಂಗಸ್ಥಳದ ಮೇಲೆ ಹಗ್ಗಕ್ಕೆ ಒಂದೇ ಮೈಕು ಕಟ್ಟುವುದು. ಭಾಗವತರಿಗೆ ಎಷ್ಟು ಹತ್ತಿರ, ಚೆಂಡೆಗೆ ಎಷ್ಟು ದೂರ ಅನ್ನುವುದನ್ನು ಹಗ್ಗ ಎಳೆದೇ ಸರಿ ಮಾಡುತ್ತಿದ್ದೆವು. ಅದೇ ನಮ್ಮ ಮಿಕ್ಸಿಂಗು.

ಅಟ್ಟದಲ್ಲಿ ಮಾಡುವುದಾದರೆ ಮೊದಲು ಇನ್ವರ್ಟರ್ ನೋಡು. ಮಲೆನಾಡಿನಲ್ಲಿ ಎಲ್ಲರ ಮನೆಯಲ್ಲೂ ಉಂಟು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗಿಟಾರಿನ ವೈರಿನಲ್ಲಿ ಕಣಜದ ಹುಳ ಕೂತ ಹಾಗೆ ಗುಂಯ್ ಅನ್ನುತ್ತದೆ. ಕರೆಂಟ್ ಇದ್ದಾಗಲೂ ಅರ್ಥಿಂಗ್ ಸರಿ ಇಲ್ಲದಿದ್ದರೆ 50 ಹರ್ಟ್ಸಿನ ಹಂ ಬರುತ್ತದೆ, ಅದರ ಹಿಂದೆ 100ರದ್ದೂ ಬರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸು, ಮುಕ್ಕಾಲು ಪಾಲು ಹೋಗುತ್ತದೆ. ನೀನು ಫೋನಿನಲ್ಲಿ ಮಾಡಿದ್ದು ಚೆಂದ ಬಂದಿದೆ ಅಂದರೆ ಮನೆಯಲ್ಲಿ ಕರೆಂಟೇ ಇರಲಿಲ್ಲ, ಅದೂ ಒಂದು ಕಾರಣ ಮಾರಾಯ!

ಮಳೆಗಾಲದಲ್ಲಿ ಬೇಡ. ಮಳೆ ಸದ್ದು ಹಿಂದೆ ಸ್ವಲ್ಪ ಬಂದರೆ ಚೆಂದ. ಆದರೆ ಎಂಟು ಹಾಡಿಗೂ ಅದೇ ಆದರೆ ಎಣ್ಣೆಯಲ್ಲಿ ಬೋಂಡ ಬಿಟ್ಟ ಹಾಗೆ ಕೇಳುತ್ತದೆ. ನಾನು ಆಗುಂಬೆ ದಾರಿಯವನು, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಏನು ಮಾಡುತ್ತದೆ ಅಂತ ಗೊತ್ತು. ಚೆಂಡೆಯವರು ಆಟದ ಮೊದಲು ಬೆಂಕಿ ಹತ್ತಿರ ಚರ್ಮ ಕಾಯಿಸುವುದು ನೋಡಿರಬೇಕಲ್ಲ. ಚರ್ಮಕ್ಕೆ ಆಗುವುದು ಮರಕ್ಕೂ ಆಗುತ್ತದೆ. ಗಿಟಾರಿನ ಮುಂದಿನ ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ಹಾಗಂತ ಒಲೆ ಮೇಲಿನ ಅಟ್ಟದಲ್ಲಿ ಹಲಸಿನ ಹಪ್ಪಳದ ಜೊತೆ ಇಡಬೇಡ, ಅಂಟು ಬಿಟ್ಟುಹೋಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡು. ಪುಷ್ಯ, ಮಾಘದಲ್ಲಿ ಮಾಡು, ಅಡಿಕೆ ಸುಲಿಯುವ ಮೆಷಿನ್ ಸದ್ದೂ ನಿಂತಿರುತ್ತದೆ.

ಅದಿರಲಿ. ನಿನ್ನ ಅಟ್ಟದ ರೆಕಾರ್ಡಿಂಗಿನಲ್ಲಿ ಸುಮಾರು ನಲವತ್ತನೇ ಸೆಕೆಂಡಿನಿಂದ ಹಿಂದೆ ಏನೋ ಟಕ್ ಟಕ್ ಅಂತ ಉಂಟು. ಹೆಂಚಿನಿಂದ ನೀರು ತೊಟ್ಟಿಕ್ಕುವುದಾ? ತೊಟ್ಟಿಕ್ಕುವುದಾದರೆ ಅಷ್ಟು ತಾಳಕ್ಕೆ ಸರಿಯಾಗಿ ತೊಟ್ಟಿಕ್ಕುವುದಿಲ್ಲ.


ಹೆಂಚಿನಮನೆ, ಸಾಗರ

ಮಾವ, ನೀವು ಹೇಳಿದ ಮೇಲೆ ಹೆಡ್‌ಫೋನ್ ಹಾಕಿ ಕೇಳಿದೆ. ಇಷ್ಟು ದಿನ ಗಮನಿಸಿರಲೇ ಇಲ್ಲ.

ಅದು ನಮ್ಮ ಅಜ್ಜಿ. ಅಟ್ಟದ ಕೆಳಗೆ ಜಗಲಿ, ಜಗಲಿಯ ಕಂಬಕ್ಕೆ ಒರಗಿ ಮಧ್ಯಾಹ್ನ ಊಟ ಆದ ಮೇಲೆ ಎಲೆಅಡಿಕೆಯ ಕವಳ ಕುಟ್ಟುತ್ತಾರೆ. ಹಲ್ಲಿಲ್ಲ, ಅದಕ್ಕೆ ಹಿತ್ತಾಳೆಯ ಕುಟ್ಟಾಣಿ. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅದಕ್ಕೇ ಕಿವಿಗೆ ಬೀಳಲಿಲ್ಲ ಅನಿಸುತ್ತದೆ. ಯಾರಾದರೂ ನಮ್ಮ ಮನೆಗೆ ಬಂದು 'ಗೋಡೆ ಗಡಿಯಾರ ಇದೆಯಾ?' ಅಂತ ಕೇಳಿದರೆ ನಾವು ಇಲ್ಲ ಅನ್ನುತ್ತೇವೆ, ಅವರು ತಬ್ಬಿಬ್ಬಾಗುತ್ತಾರೆ.

ಅದನ್ನು ತೆಗೆಯಲು ಬರುತ್ತದಾ?


ಎರಡು ಕೋಲು, ಶಿವಮೊಗ್ಗ

ದಯವಿಟ್ಟು ತೆಗೆಯಬೇಡಿ! ಇಡೀ ಹಾಡನ್ನು ಹಿಡಿದುಕೊಂಡಿರುವುದೇ ಅಜ್ಜಿ.

ನಾನು ಡ್ರಮ್ ಬಾರಿಸುವವನು. ಗಣಪತಿ ಹಬ್ಬದಲ್ಲಿ ಗಾಂಧಿ ಬಜಾರಿನ ಸುತ್ತಮುತ್ತ ಆರ್ಕೆಸ್ಟ್ರಾ, ಉಳಿದ ದಿನ ಮೊಬೈಲ್ ರಿಪೇರಿ. ಫೇಡರ್ ಅಣ್ಣ ಹೇಳಿದ ಕಥೆ ಚೆನ್ನಾಗಿದೆ, ಆದರೆ ನಿಮ್ಮ ಹಾಡು ಸತ್ತದ್ದಕ್ಕೆ ಕಾರಣ ಅದಲ್ಲ ಅಂತ ನನ್ನ ಲೆಕ್ಕ. ಸ್ಟುಡಿಯೋ ಕೆಟ್ಟದ್ದಲ್ಲ, ಅಟ್ಟದಲ್ಲಿ ಮಾಯೆಯೂ ಇಲ್ಲ. ನಿಮ್ಮ ಸಾಲನ್ನು ಯಾರೂ ಎಣಿಸಲಿಲ್ಲ. ಅಷ್ಟೇ.

ಎಣಿಸಿ ನೋಡಿ. ಶಾಲೆಯಲ್ಲಿ ಲಘು ಗುರು ಹಾಕುತ್ತಿದ್ದೆವಲ್ಲ, ಹಾಗೆ. ಹಳ್ಳ, ಮೂರು ಮಾತ್ರೆ. ದಾಟಿ, ಮೂರು. ಬಸ್ಸು, ಮೂರು. ಬಂತು, ಮೂರು. ನೀನು, ಮೂರು. ಇಳಿಯ, ಮೂರು. ಲಿಲ್ಲ, ಮೂರು. ಆಮೇಲೆ ಮೂರು ಮಾತ್ರೆ ಖಾಲಿ. ಒಟ್ಟು ಎಂಟು ಗಣ. ನಾಲ್ಕು ನಾಲ್ಕಾಗಿ ಮುರಿದರೆ ಎರಡು ಬಾರ್, ಅಂದರೆ ತಾಳದ ಎರಡು ಸುತ್ತು. ನೀವು ಬೇಕಂತ ಮಾಡಿದ್ದಾ, ತಾನಾಗೇ ಬಂದದ್ದಾ ಗೊತ್ತಿಲ್ಲ, ಒಂದು ಕೂದಲೆಳೆ ಆಚೀಚೆ ಇಲ್ಲ. ಇದು ನಮ್ಮ ಭಾಷೆಯಲ್ಲಿ ಹನ್ನೆರಡು ಬೈ ಎಂಟು. ತಕಿಟ ತಕಿಟ ತಕಿಟ ತಕಿಟ. ಉಯ್ಯಾಲೆಯ ಹಾಗೆ ತೂಗುತ್ತಾ ಹೋಗುವ ಓಟ. ಹಳೇ ಬಸ್ಸು ಘಾಟಿ ಹತ್ತುವಾಗ ತೂಗಾಡುತ್ತದಲ್ಲ, ಅದೇ.

ಸ್ಟುಡಿಯೋದಲ್ಲಿ ಇದಕ್ಕೆ ನೆಟ್ಟಗಿನ ನಾಲ್ಕು ಬೈ ನಾಲ್ಕು ಹಾಕಿದ್ದಾರೆ. ತಕಧಿಮಿ ತಕಧಿಮಿ. ಮೂರು ಮಾತ್ರೆಯ ಪದವನ್ನು ನಾಲ್ಕರ ಡಬ್ಬಿಗೆ ತುಂಬಬೇಕಲ್ಲ, ಅದಕ್ಕೆ ನೀವು ಪ್ರತಿ ಪದವನ್ನೂ ಎಳೆದಿದ್ದೀರಿ. ಹಳ್ಳಾ. ದಾಟೀ. ಬಸ್ಸೂ. ಕೇಳಿಸಿಕೊಳ್ಳಿ, ಶಾಲೆಯ ಮಕ್ಕಳು ಮಗ್ಗಿ ಹೇಳಿದ ಹಾಗಿದೆ. ಹಮಾಲಿ ಅಣ್ಣನಿಗೆ ನಿಮ್ಮ ಗುರುತು ಸಿಗದಿದ್ದದ್ದು ಅದಕ್ಕೇ.

ಇನ್ನೊಂದು ವಿಷಯ. ರಾಕಿನಲ್ಲಿ ಸ್ನೇರ್, ಅಂದರೆ ಚಟ್ ಅನ್ನುವ ಡ್ರಮ್, ಬೀಳುವುದು ಎರಡು ಮತ್ತು ನಾಲ್ಕನೇ ಎಣಿಕೆಗೆ. ನಿಮ್ಮ ಮೊದಲ ಬಾರಿನಲ್ಲಿ ಅದು 'ದಾಟಿ' ಮೇಲೆ ಒಂದು, 'ಬಂತು' ಮೇಲೆ ಒಂದು. ಎರಡನೇ ಬಾರಿನಲ್ಲಿ 'ಇಳಿಯ' ಮೇಲೆ ಒಂದು. ಕೊನೆಯದು ಎಲ್ಲಿ ಬೀಳುತ್ತದೆ? 'ಲಿಲ್ಲ' ಆದ ಮೇಲಿನ ಖಾಲಿ ಜಾಗದಲ್ಲಿ. ಬಸ್ಸಿನ ಬಾಗಿಲು ತೆರೆದಿದೆ, ಯಾರೂ ಇಳಿಯುತ್ತಿಲ್ಲ, ಅಲ್ಲಿ ಒಂದೇ ಒಂದು ಏಟು. ಓದುತ್ತಾ ನನಗೆ ಮೈ ಜುಂ ಅಂತು. ನಾನು ಆ ಏಟು ಹೊಡೆಯಬೇಕು. ದುಡ್ಡು ಬೇಡ.

ಅಜ್ಜಿ ವಿಷಯಕ್ಕೆ ಬರ್ತೀನಿ. ಅವರ ಟಕ್ ಪ್ರತಿ ಗಣದ ಮೊದಲ ಮಾತ್ರೆಗೆ ಬೀಳುತ್ತಿದೆ. ಫೋನಿನಲ್ಲಿ ಬೆರಳು ಬಡಿದು ವೇಗ ಅಳೆದೆ. ನಲವತ್ತನೇ ಸೆಕೆಂಡಿನಲ್ಲಿ ನಿಮಿಷಕ್ಕೆ 88. ಹಾಡು ಮುಗಿಯುವಾಗ 94. ನೀವು ಓಡಿದ್ದೀರಿ ಅಂದುಕೊಂಡಿದ್ದೆ. ಅಲ್ಲ, ಅಜ್ಜಿ ಓಡಿದ್ದಾರೆ, ನೀವು ಗೊತ್ತಿಲ್ಲದೆ ಹಿಂದೆ ಹೋಗಿದ್ದೀರಿ. ಅಡಿಕೆ ಮೊದಲು ಗಟ್ಟಿ ಇರುತ್ತದೆ, ನಿಧಾನ ಕುಟ್ಟಬೇಕು. ಎಲೆ ಬೆರೆತು ಮೆತ್ತಗಾದ ಮೇಲೆ ಕೈ ತಾನಾಗೇ ಬೇಗ ಹೋಗುತ್ತದೆ. ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು.

ಡ್ರಮ್‌ಗೆ ಜಾಗ ಇದೆ. ನಮ್ಮ ಚಿಕ್ಕಪ್ಪನ ಹಳೇ ಭತ್ತದ ಗೋಡೌನ್, ಊರ ಹೊರಗೆ. ಎತ್ತರದ ಶೀಟು, ಗಾರೆ ನೆಲ. ಚಪ್ಪಾಳೆ ತಟ್ಟಿದರೆ ಸದ್ದು ನಾಲ್ಕು ಸಲ ವಾಪಸ್ ಬರುತ್ತದೆ. ಕಂಬಳಿ ಬೇಕಾಗುತ್ತದೆ. ಪಾರಿವಾಳ ಓಡಿಸುವವರೊಬ್ಬರು ಬೇಕಾಗುತ್ತಾರೆ.


ಫೇಡರ್, ಬೆಂಗಳೂರು

ಎರಡು ಕೋಲು ಹೇಳಿದ್ದು ಸರಿ. ನಾನು ಸದ್ದು ಕೇಳಿದೆ, ಎಣಿಕೆ ಕೇಳಲಿಲ್ಲ. ನಮ್ಮ ಕಸುಬಿನವರ ರೋಗ ಇದು. ಹಾಡು ಸರಿ ಬರದಿದ್ದರೆ ಮೊದಲು ಮೈಕ್ ಬದಲಾಯಿಸುತ್ತೇವೆ. ನೆಬ್ರಾಸ್ಕಾ ಕಥೆಯನ್ನೂ ಅರ್ಧ ಹೇಳಿಬಿಟ್ಟೆ. ಆ ಮನುಷ್ಯ ಅದಕ್ಕೆ ಮೊದಲೇ ಐದು ಆಲ್ಬಂ ಮಾಡಿದ್ದ. ಅದೇ ದಿನಗಳಲ್ಲಿ ಬ್ಯಾಂಡಿನ ಜೊತೆ ಮಾಡಿದ ಬೇರೆ ಹಾಡುಗಳು ಸ್ಟುಡಿಯೋದಲ್ಲಿ ಬೆಂಕಿಯ ಹಾಗೆ ಬಂದು, 1984ರಲ್ಲಿ ಅವೇ ಇನ್ನೊಂದು ಆಲ್ಬಂಗೆ ಹೋದವು. ಹಾಗಾಗಿ 'ಮನೆ ಒಳ್ಳೇದು, ಸ್ಟುಡಿಯೋ ಕೆಟ್ಟದ್ದು' ಅನ್ನುವ ಪಾಠ ಅದರಲ್ಲಿ ಇಲ್ಲ. ಎಂಟರಲ್ಲಿ ಯಾವ ಹಾಡಿಗೆ ಡ್ರಮ್ ಬೇಕು, ಯಾವುದಕ್ಕೆ ಬೇಡ ಅಂತ ಒಂದೊಂದಾಗಿ ನೋಡಿ.

ವೇಗದ ಸಮಸ್ಯೆಗೆ ದಾರಿ ಇದೆ. ಟಿಕ್ ಟಿಕ್ ಮೊದಲು ಇಟ್ಟು ಹಾಡುವುದು ಬೇಡ. ಮೊದಲು ನೀವು ಅಟ್ಟದಲ್ಲಿ ಗಿಟಾರ್ ಹಿಡಿದು ಹಾಡಿ, ಬೇಕಾದ ಹಾಗೆ ಓಡಿ. ಆಮೇಲೆ ರೀಪರಿನಲ್ಲಿ ಪ್ರತಿ ಬಾರಿನ ಮೊದಲ ಏಟಿಗೆ ಒಂದು ಟೆಂಪೋ ಮಾರ್ಕರ್ (ವೇಗದ ಗುರುತು) ಹಾಕುತ್ತಾ ಹೋಗಿ. ಆಗ ಟಿಕ್ ಟಿಕ್ ಕೊಡುವ ಮೆಟ್ರೊನೋಮ್ ನಿಮ್ಮ ಹಿಂದೆ ಬರುತ್ತದೆ, 88ರಿಂದ 94ಕ್ಕೆ ನಿಮ್ಮ ಜೊತೆಗೇ ಏರುತ್ತದೆ. ಡ್ರಮ್‌ನವರು ಅದನ್ನು ಕೇಳಿಕೊಂಡು ಬಾರಿಸಲಿ. ಬೇಜಾರಿನ ಕೆಲಸ, ಒಂದು ಹಾಡಿಗೆ ಅರ್ಧ ದಿನ ಬೇಕು. ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಕಷ್ಟ ಆಗಲಿಕ್ಕಿಲ್ಲ.

ಡ್ರಮ್‌ಗೆ ಹತ್ತು ಮೈಕು ಬೇಡ, ನಾಲ್ಕು ಸಾಕು. ಆದರೆ ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸ್ ಬೇಕು, ಅದನ್ನು ಎರಡು ದಿನ ಬಾಡಿಗೆ ತನ್ನಿ. ಗ್ಲಿನ್ ಜಾನ್ಸ್ ಅಂತ ಇಂಗ್ಲೆಂಡಿನ ಹಳೇ ಇಂಜಿನಿಯರ್, ಅವರ ಹೆಸರಿನ ಪದ್ಧತಿ ಇದು. ಒಂದು ಮೈಕು ಸ್ನೇರಿನ ನೇರ ಮೇಲೆ, ಸುಮಾರು ಮೂರೂವರೆ ನಾಲ್ಕು ಅಡಿ ಎತ್ತರದಲ್ಲಿ. ಎರಡನೆಯದು ಬಾರಿಸುವವನ ಬಲಗಡೆ, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಡ್ರಮ್ ಪಕ್ಕ, ಸ್ನೇರಿನ ಕಡೆ ಮುಖ ಮಾಡಿ. ಎರಡೂ ಸ್ನೇರಿನಿಂದ ಸರಿಯಾಗಿ ಒಂದೇ ದೂರದಲ್ಲಿ ಇರಬೇಕು. ಟೇಪು ಬೇಡ, ಒಂದು ದಾರ ತಗೊಳ್ಳಿ, ಸ್ನೇರಿನ ಮಧ್ಯ ಹಿಡಿದು ಒಂದು ಮೈಕಿನ ತನಕ ಎಳೆದು ಗಂಟು ಹಾಕಿ. ಅದೇ ಗಂಟು ಇನ್ನೊಂದು ಮೈಕಿಗೂ ಮುಟ್ಟಬೇಕು. ಸದ್ದು ಒಂದು ಅಡಿ ಹೋಗಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ದೂರ ತಪ್ಪಿದರೆ ಒಂದೇ ಏಟು ಎರಡು ಹೊತ್ತಿಗೆ ಬಂದು ಸ್ನೇರ್ ತೆಳ್ಳಗಾಗುತ್ತದೆ. ಮೂರನೆಯದು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಎದುರು, ನಾಲ್ಕನೆಯದು ಸ್ನೇರ್ ಪಕ್ಕ. ಮುಗೀತು. ಮಾವನ ಹಗ್ಗದ ಮಿಕ್ಸಿಂಗ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ನೋಡಿ.

ಎಂಟೂ ಹಾಡು ಮುಗಿದ ಮೇಲೆ ನನಗೆ ಕಳಿಸಿ, ಮಿಕ್ಸ್ ಮಾಡುತ್ತೇನೆ. ಒಂದು ಷರತ್ತು. ಜೋರು ಮಾಡಿ, ಇನ್ನೂ ಜೋರು ಮಾಡಿ ಅನ್ನಬಾರದು. ಸ್ಪಾಟಿಫೈ ಹೇಗೂ ಎಲ್ಲರನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಅಳತೆ) ಹತ್ತಿರಕ್ಕೆ ಎಳೆದು ಕೂರಿಸುತ್ತದೆ. ಅಲ್ಲಿ ಕಿರುಚಿ ಪ್ರಯೋಜನ ಇಲ್ಲ. ಮತ್ತೆ 'ಳ' ಅನ್ನು ಮುಟ್ಟುವುದಿಲ್ಲ. ಸ್ಟುಡಿಯೋದವರು ನಿಮ್ಮ ಸ್ವರ ತಿದ್ದುವಾಗ 'ಹಳ್ಳ'ದ ಳ್ಳ ಸವೆದು ಹೆಚ್ಚುಕಡಿಮೆ 'ಹಲ್ಲ' ಆಗಿದೆ. ಹಲ್ಲು ದಾಟಿ ಬಸ್ಸು ಬರುವುದು ಹೇಗೆ?


ಕುಪ್ಪಳಿ ದಾರಿ, ಕೊಪ್ಪ

ಈ ವಿಷಯದಲ್ಲಿ ನಾನು ಒಂದು ಸಲ ಬೆರಳು ಸುಟ್ಟುಕೊಂಡಿದ್ದೇನೆ, ಅದಕ್ಕೆ ಹೇಳುತ್ತೇನೆ. ಎಂಟೂ ಹಾಡು ನಿಮ್ಮದೇ ಆದರೆ ತಲೆಬಿಸಿ ಇಲ್ಲ. ಮಧ್ಯೆ ಎಲ್ಲಾದರೂ ಕುವೆಂಪು ಅವರ ಒಂದು ಸಾಲು ಸೇರಿಸೋಣ ಅಂತ ಮಲೆನಾಡಿನ ಎಲ್ಲರಿಗೂ ಅನಿಸುತ್ತದೆ. ಅನುಮತಿ ಇಲ್ಲದೆ ಬೇಡ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅವರು ತೀರಿಕೊಂಡದ್ದು 1994ರಲ್ಲಿ, ಅಂದರೆ 2054 ಮುಗಿಯುವ ತನಕ. ವಚನವೇ ಬೇಕು ಅಂದರೆ ಉಡುತಡಿಯ ಅಕ್ಕ ಇದ್ದಾಳೆ, ಬಳ್ಳಿಗಾವಿಯ ಅಲ್ಲಮ ಇದ್ದಾನೆ. ಇಬ್ಬರೂ ನಿಮ್ಮ ಜಿಲ್ಲೆಯ ಶಿಕಾರಿಪುರದ ಕಡೆಯವರು, ಇಬ್ಬರಿಗೂ ಯಾರ ಅನುಮತಿಯೂ ಬೇಡ.

ಪ್ರತಿ ಹಾಡಿಗೂ ಒಂದು ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ರೆಕಾರ್ಡಿಂಗಿನ ಗುರುತಿನ ಸಂಖ್ಯೆ, ಸಿಗುತ್ತದೆ, ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿಯೇ ಕೊಡುತ್ತದೆ. ಬರೆದಿಟ್ಟುಕೊಳ್ಳಿ. ಸಾಹಿತ್ಯ, ರಾಗ ಎರಡೂ ನಿಮ್ಮದೇ ಆದ್ದರಿಂದ ಹಾಡು ಬರೆದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿಬಿಡಿ.


ಹೆಂಚಿನಮನೆ, ಸಾಗರ

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕೊಯ್ಲಿನ ಗಡಿಬಿಡಿ.

ಎಂಟೂ ಹಾಡನ್ನು ಮಂಡಿಯ ಪುಸ್ತಕದ ಹಿಂದೆ ಮಾತ್ರೆ ಹಾಕಿ ಎಣಿಸಿದೆ. ಐದು ಹಾಡು ಮೂರರ ಗಣ. ಎರಡು ನಾಲ್ಕರದ್ದು, ಅವಕ್ಕೆ ಸ್ಟುಡಿಯೋದ ಡ್ರಮ್ ಚೆನ್ನಾಗಿಯೇ ಇದೆ. ಸುಮ್ನೆ ಅವರನ್ನು ಬೈದೆ. ಇನ್ನೊಂದು ಹಾಡು ಕಂಡಕ್ಟರಿನದು. ಅದರಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಬರುತ್ತದೆ. ನಾನು ಯಾವಾಗ ಹಾಗೆ ಬರೆದೆನೋ ಗೊತ್ತಿಲ್ಲ. ಕೋಲು ಅಣ್ಣ, ಅದನ್ನು ನಿಮಗೇ ಬಿಟ್ಟಿದ್ದೇನೆ.

ಸಾಮಾನು ಬಂತು. ಇನ್ವರ್ಟರ್ ಆಫ್ ಮಾಡಿ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಿಸಿದೆ. ಮಾವ ಹೇಳಿದ ಹಾಗೆ ಕಣಜದ ಹುಳ ಎದ್ದು ಹೋಯಿತು. ಹಾಸಿಗೆಗಳನ್ನು ಎರಡು ಗೋಡೆಗೆ ನಿಲ್ಲಿಸಿದೆ. ಎರಡನೇ ಹಾಡು ಆರು ಸಲ ಹಾಡಿದೆ, ನಾಲ್ಕನೆಯದು ಇಟ್ಟುಕೊಂಡೆ.

ಅಜ್ಜಿಯನ್ನು ಬೇರೆ ರೆಕಾರ್ಡ್ ಮಾಡೋಣ ಅಂತ ಹೋದೆ. ಎಸ್‌ಎಂ57 ಅನ್ನು ಕುಟ್ಟಾಣಿಯ ಎದುರು ಇಟ್ಟ ತಕ್ಷಣ ಅವರಿಗೆ ಕೈ ಓಡಲಿಲ್ಲ. ಒಂದು ಏಟು, ಮೈಕ್ ಕಡೆ ಒಂದು ನೋಟ. ಇನ್ನೊಂದು ಏಟು, 'ಇದು ಎಂತಕ್ಕೆ?' ಹೀಗೇ ಹತ್ತು ನಿಮಿಷ. ಕೊನೆಗೆ ಮೈಕನ್ನು ಕಂಬದ ಹಿಂದೆ ಇಟ್ಟು, ನಾನು ಪಕ್ಕದಲ್ಲಿ ಕೂತು ಮಂಡಿಯ ರೇಟು ಮಾತಾಡಿದೆ. ಅಡಿಕೆಯಲ್ಲಿ ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು ಅಂತ. ಆಗ ಶುರುವಾಯಿತು. ಎರಡು ನಿಮಿಷ ಹತ್ತು ಸೆಕೆಂಡ್ ಸಿಕ್ಕಿದೆ. ಅದರ ತುಂಬ ನನ್ನ ಅಡಿಕೆ ಧಾರಣೆ ಇದೆ. ಫೇಡರ್ ಅಣ್ಣ, ಅದನ್ನು ಹೇಗೆ ಬಿಡಿಸುತ್ತೀರೋ ನಿಮಗೆ ಬಿಟ್ಟದ್ದು. ಬಿಡಿಸಲು ಬರದಿದ್ದರೆ ಬೆಟ್ಟೆಯ ರೇಟು ಹಾಡಿನಲ್ಲೇ ಇರಲಿ.

ಕೋಲು ಅಣ್ಣ, ಸಂಕ್ರಾಂತಿ ಆದ ಮೊದಲ ಭಾನುವಾರ ಗೋಡೌನ್ ಕೀಲಿ ಸಿಗುತ್ತದಾ? ಕಂಬಳಿ ಆರು ಇವೆ. ದಾರ ನಾನೇ ತರುತ್ತೇನೆ. ಪಾರಿವಾಳ ಓಡಿಸಲು ಹಮಾಲಿ ಬರುತ್ತೇನೆ ಅಂದಿದ್ದಾನೆ, ಊಟ ಒಂದು ಕೊಡಿಸಬೇಕಂತೆ.